ನೂರ ನಲವತ್ತು ದಿನದ ಸೂರ್ಯ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ‘ಇವಳು ಸಿಟ್ಟಿನಲ್ಲಿ ಒಂದಕ್ಕೆರಡು ಸೇರಿಸಿದಳು’ ಅನ್ನಬಾರದು. ಭೌತಶಾಸ್ತ್ರ ಓದಿದವಳು ನಾನು, ಒಂದಕ್ಕೆ ಒಂದೇ ಹೇಳುತ್ತೇನೆ.

ವಿಶ್ವವಿದ್ಯಾಲಯದ ಕೊನೆಯ ವರ್ಷ ನಾವೆಲ್ಲ ಒಂದೊಂದು ಪ್ರಬಂಧ ಬರೆಯಬೇಕಿತ್ತು. ಉಳಿದವರು ದೂರದ ನಕ್ಷತ್ರ, ಇನ್ನೂ ದೂರದ ಗ್ಯಾಲಕ್ಸಿ ಅಂತ ಕಂಪ್ಯೂಟರ್ ಮುಂದೆ ಕೂತರು. ನಾನೂ ಗುಬ್ಬಿಯೂ ಹಟ ಹಿಡಿದು ಸೂರ್ಯನನ್ನೇ ಆರಿಸಿಕೊಂಡೆವು. ಗುಬ್ಬಿ ಅಂದರೆ ನನ್ನ ಗೆಳತಿ, ಮೂರು ವರ್ಷದಿಂದ ಲ್ಯಾಬಿನಲ್ಲಿ ನನ್ನ ಜೋಡಿ. ನನ್ನ ಭುಜಕ್ಕೂ ಬಾರದ ಹುಡುಗಿ, ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಹಾಗಾಗಿ ಆ ಹೆಸರಿಟ್ಟವಳು ನಾನೇ. ಅವಳು ನನಗಿಟ್ಟ ಹೆಸರು ಕೆಂಡ. ‘ಲೇ ಕೆಂಡ, ಸ್ವಲ್ಪ ಆರೇ’ ಅಂತ ಅವಳು ಅಂದರೆ ಮಾತ್ರ ನನಗೆ ನಗು ಬರುತ್ತಿತ್ತು. ಬೇರೆ ಯಾರಾದರೂ ಅಂದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.

ನಮ್ಮ ಕೆಲಸ ಇಷ್ಟೇ. ಸೂರ್ಯನ ಮೇಲೆ ಕಪ್ಪು ಕಲೆಗಳಿರುತ್ತವೆ. ದೊಡ್ಡವು ವಾರಗಟ್ಟಲೆ ಇರುತ್ತವೆ, ಸಣ್ಣವು ಒಂದೇ ದಿನ ಬದುಕಿ ಮಾಯವಾಗುತ್ತವೆ. ನಮ್ಮ ವಿಭಾಗದ ತಾರಸಿಯ ಮೇಲೆ, ತಗಡಿನ ಗೂಡಿನಲ್ಲಿ, ಒಂದು ಹಳೇ ದೂರದರ್ಶಕ ಇದೆ. ಅದರ ಮೂತಿಗೆ ಕಪ್ಪು ಫಿಲ್ಟರ್ ಕಟ್ಟಿ, ದಿನಾ ಕಲೆಗಳನ್ನು ಎಣಿಸಿ, ಹಾಳೆಯ ಮೇಲೆ ಅಚ್ಚಾಗಿರುವ ವೃತ್ತದೊಳಗೆ ಪೆನ್ಸಿಲಿನಿಂದ ಜಾಗ ಗುರುತಿಸಬೇಕು. ನನ್ನ ಕಣ್ಣಿಗೆ ಏಳು ಕಂಡದ್ದು ಇನ್ನೊಬ್ಬರ ಕಣ್ಣಿಗೆ ಐದು ಕಾಣಬಹುದು. ಅದರಲ್ಲಿ ತಪ್ಪೇನಿಲ್ಲ, ಕಣ್ಣೇ ಹಾಗೆ. ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ಎಷ್ಟು ವ್ಯತ್ಯಾಸ, ಆ ವ್ಯತ್ಯಾಸ ದಿನದಿಂದ ದಿನಕ್ಕೆ ಹೇಗೆ ಏರಿಳಿಯುತ್ತದೆ ಅನ್ನುವುದೇ ನಮ್ಮ ವಿಷಯ. ಹಾಗಾಗಿ ನಾನು ಮೊದಲನೇ ಕಣ್ಣು, ಗುಬ್ಬಿ ಎರಡನೇ ಕಣ್ಣು. ಆ ವ್ಯತ್ಯಾಸದ ಲೆಕ್ಕ ಮಾಡಿ ಪ್ರಬಂಧ ಬರೆಯುವುದು ನನ್ನ ಪಾಲು, ಅವಳ ಪ್ರಬಂಧ ಅವೇ ಹಾಳೆಗಳಲ್ಲಿನ ಕಲೆಗಳ ಚಲನೆಯ ಮೇಲೆ.

ನಮ್ಮ ಮಾರ್ಗದರ್ಶಕಿ ಮೇಡಂ ಮೊದಲನೇ ದಿನವೇ ನಿಯಮ ಹಾಕಿದ್ದರು. ಗುಬ್ಬಿ ಹನ್ನೊಂದು ಗಂಟೆಗೆ ನೋಡಬೇಕು, ನಾನು ಒಂದು ಗಂಟೆಗೆ. ವರ್ಷ ಮುಗಿಯುವವರೆಗೆ ಒಬ್ಬರ ಹಾಳೆ ಇನ್ನೊಬ್ಬರು ನೋಡಕೂಡದು. ದಿನಾ ಹಾಳೆ ತಮಗೆ ಒಪ್ಪಿಸಬೇಕು, ವಾರಕ್ಕೊಂದು ಸಲ ತಾವೇ ನೋಡುತ್ತೇನೆ ಅಂದಿದ್ದರು. ಇಬ್ಬರಿಗೂ ಬೇರೆಬೇರೆ ಐಪೀಸ್. ಅಂದರೆ ದೂರದರ್ಶಕದಲ್ಲಿ ಕಣ್ಣಿಡುವ ಕಡೆ ಸಿಕ್ಕಿಸುವ, ಹೆಬ್ಬೆರಳ ಗಾತ್ರದ, ಗಾಜಿರುವ ಕೊಳವೆ. ನನ್ನದಕ್ಕೆ ನಾಲ್ಕು ಅಂತ ನಂಬರ್ ಕೆತ್ತಿತ್ತು, ಅವಳದಕ್ಕೆ ಮೂರು.

ಮೇಡಂ ಇನ್ನೊಂದು ಮಾತನ್ನೂ ಹೇಳಿದ್ದರು. ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಆ ವರ್ಷ ನಮ್ಮ ವಿಭಾಗಕ್ಕೆ ಒಂದೇ ಒಂದು ಸಂಶೋಧನಾ ಸೀಟು. ಯಾರ ಹೆಸರು ಕಳಿಸಬೇಕು ಅನ್ನುವುದನ್ನು ಪ್ರಬಂಧ ನೋಡಿ ಅವರೇ ನಿರ್ಧರಿಸುತ್ತಾರೆ. ನನಗೆ ಆ ಸೀಟು ಬೇಕಿತ್ತು. ಹನ್ನೆರಡನೇ ವಯಸ್ಸಿನಿಂದ ಬೇಕಿತ್ತು ಅಂದರೂ ಸುಳ್ಳಲ್ಲ. ಗುಬ್ಬಿಗೂ ಬೇಕಿತ್ತು. ‘ನಿನಗೆ ಬಂದ್ರೆ ನಾನು ನಿನ್ನ ಪೆಟ್ಟಿಗೆ ಹೊತ್ಕೊಂಡು ಬರ್ತೀನಿ, ನನಗೆ ಬಂದ್ರೆ ನೀನು ಹೊರು’ ಅಂತ ಅವಳೇ ಒಪ್ಪಂದ ಮಾಡಿದಳು. ನಾನು ಬೆಪ್ಪುತಕ್ಕಡಿ, ಅದನ್ನೂ ನಂಬಿದೆ.

ಎಂಟು ತಿಂಗಳು. ಮೋಡದ ದಿನ ಕಳೆದು ನೂರ ನಲವತ್ತು ದಿನ. ಕಾದ ತಗಡಿನ ಗೂಡಿನಲ್ಲಿ, ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನಾನು ಸೂರ್ಯನನ್ನು ನೋಡಿದೆ. ಬೆವರು ಹಾಳೆಯ ಮೇಲೆ ಬೀಳದ ಹಾಗೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಎರಡು ಗಂಟೆಗೆ ಕೆಳಗಿಳಿದು ಬಂದರೆ ಗುಬ್ಬಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಅಮ್ಮ ದಿನಾ ಎರಡು ಡಬ್ಬಿ ಕಟ್ಟುತ್ತಿದ್ದಳು, ಒಂದು ನನಗೆ, ಒಂದು ಅವಳಿಗೆ. ‘ಹಾಸ್ಟೆಲ್ ಊಟ ತಿಂದು ಆ ಹುಡುಗಿ ಕಡ್ಡಿ ಆಗಿದಾಳೆ’ ಅನ್ನುವುದು ಅಮ್ಮನ ದಿನದ ಪಲ್ಲವಿ. ನನ್ನ ಬಸ್ಸು ನಾಲ್ಕಕ್ಕೆ, ಮೇಡಂ ಹಾಳೆ ತೆಗೆದುಕೊಳ್ಳುವುದು ತರಗತಿಗಳೆಲ್ಲ ಮುಗಿದ ಮೇಲೆ, ಐದಕ್ಕೆ. ಗುಬ್ಬಿಯ ಹಾಸ್ಟೆಲ್ ವಿಭಾಗದ ಎದುರಿಗೇ ಇತ್ತು, ಐಪೀಸ್ ಇಡುವ ಬೀರುವಿನ ಕೀಲಿಯೂ ಅವಳ ಹತ್ತಿರವೇ. ಹಾಗಾಗಿ ನನ್ನ ಹಾಳೆಯನ್ನು ಕವರಿನೊಳಗಿಟ್ಟು, ಐಪೀಸಿನ ಜೊತೆ ಅವಳ ಕೈಗೆ ಕೊಟ್ಟು ಬಸ್ಸಿಗೆ ಓಡುತ್ತಿದ್ದೆ. ಕವರಿನ ಬಾಯಿ ಅಂಟಿಸಿದ್ದೇ ಇಲ್ಲ. ಗುಬ್ಬಿಗೆ ಕೊಡುವಾಗ ಅಂಟು ಯಾಕೆ?

ಎಣಿಕೆ ಮುಗಿದು ನಾನು ಲೆಕ್ಕಕ್ಕೆ ಕೂತ ವಾರ ಒಂದು ವಿಚಿತ್ರ ಕಂಡಿತು. ನನ್ನ ಹಾಳೆಗಳಲ್ಲಿ ಒಂದೇ ದಿನ ಬದುಕುವ ಸಣ್ಣ ಕಲೆಗಳು ವಿಪರೀತ ಇದ್ದವು. ಹೆಚ್ಚುಕಡಿಮೆ ದಿನಕ್ಕೊಂದು. ಇವತ್ತು ಎಡಗಡೆ, ನಾಳೆ ಕೆಳಗಡೆ, ನಾಡಿದ್ದು ಇನ್ನೆಲ್ಲೋ. ಸೂರ್ಯ ಹಾಗೆಲ್ಲ ಹಾಜರಿ ಹಾಕುವುದಿಲ್ಲ. ನನಗೆ ಅನುಮಾನ ಹುಟ್ಟಿ ಐಪೀಸನ್ನು ಮನೆಗೆ ತಂದೆ.

ನಮ್ಮಪ್ಪನದು ಕನ್ನಡಕದ ಅಂಗಡಿ. ಅವರು ಅದನ್ನು ದೀಪಕ್ಕೆ ಹಿಡಿದು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಿರುಗಿಸಿ ತಿರುಗಿಸಿ ನೋಡಿದರು.

‘ಕೊಳೆ ಅಲ್ಲಮ್ಮ ಇದು. ಗಾಜಿನ ಒಳಗೇ ಗುಳ್ಳೆ ಇದೆ. ಸಾಸಿವೆಯ ಕಾಲು ಭಾಗವೂ ಇಲ್ಲ. ಉಜ್ಜಿದ್ರೆ ಹೋಗಲ್ಲ.’

ನನಗೆ ಅಲ್ಲೇ ಎಲ್ಲ ಹೊಳೆಯಿತು. ದಿನಾ ಐಪೀಸನ್ನು ಸಿಕ್ಕಿಸುವಾಗ ಅದು ಒಂದೊಂದು ದಿನ ಒಂದೊಂದು ಬಗೆಯಲ್ಲಿ ತಿರುಗಿ ಕೂರುತ್ತಿತ್ತು. ಗುಳ್ಳೆಯೂ ಒಂದೊಂದು ದಿನ ಒಂದೊಂದು ಕಡೆ ಕಾಣುತ್ತಿತ್ತು. ನಾನು ಎಂಟು ತಿಂಗಳು ಸೂರ್ಯನ ಕಲೆಗಳ ಜೊತೆಗೆ ಒಂದು ಗುಳ್ಳೆಯನ್ನೂ ಎಣಿಸುತ್ತಾ ಬಂದಿದ್ದೆ! ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ ಹಣೆ ಹಣೆ ಚಚ್ಚಿಕೊಂಡೆ.

‘ಇದಕ್ಯಾಕೆ ಆಕಾಶ ತಲೆ ಮೇಲೆ ಬಿದ್ದ ಹಾಗೆ ಆಡ್ತೀಯಾ?’ ಅಂದರು ಅಪ್ಪ. ‘ಗುಬ್ಬಿ ಗಾಜಲ್ಲಿ ಗುಳ್ಳೆ ಇರಲ್ಲವಲ್ಲ. ಅವಳ ಹಾಳೆ ಪಕ್ಕಕ್ಕಿಟ್ಟು ನೋಡು. ನಿನ್ನದ್ರಲ್ಲಿದ್ದು ಅವಳದ್ರಲ್ಲಿ ಇಲ್ಲದ್ದು ಯಾವುದೋ ಅದನ್ನ ಹೊಡೆದುಹಾಕು.’

ಎಷ್ಟು ಸರಿಯಾದ ಮಾತು! ಎರಡನೇ ಕಣ್ಣು ಇರುವುದೇ ಅದಕ್ಕೆ. ಮರುದಿನ ಐಪೀಸನ್ನು ಬೀರುವಿನಲ್ಲಿ ವಾಪಸ್ ಇಟ್ಟು, ಮೇಡಂ ಅಪ್ಪಣೆ ತೆಗೆದುಕೊಂಡು ಗುಬ್ಬಿಯ ಹಾಳೆಗಳ ಕಟ್ಟನ್ನು ಮೊದಲ ಸಲ ಬಿಚ್ಚಿದೆ. ಲ್ಯಾಬಿನ ಉದ್ದ ಮೇಜಿನ ಮೇಲೆ ನನ್ನ ಹಾಳೆ ಎಡಕ್ಕೆ, ಅವಳದು ಬಲಕ್ಕೆ. ಕೈಗೆ ಮೊದಲು ಸಿಕ್ಕಿದ್ದು ಮೂರನೇ ವಾರದ ಮೊದಲನೇ ದಿನದ ಜೋಡಿ, ನನಗೆ ಎಂಟು, ಅವಳಿಗೆ ಏಳು. ಯಾವುದು ಬಿಟ್ಟಿದ್ದಾಳೆ ನೋಡಿದೆ. ಅಂಚಿನಲ್ಲಿದ್ದ ಒಂದು ನಿಜವಾದ ಕಲೆ ಬಿಟ್ಟಿದ್ದಳು. ಗುಳ್ಳೆ ಬಿಟ್ಟಿರಲಿಲ್ಲ.

ಕೈ ತಪ್ಪಿರಬಹುದು ಅಂದುಕೊಂಡು ಮುಂದಿನ ಹಾಳೆ ತೆಗೆದೆ. ಅಲ್ಲೂ ಗುಳ್ಳೆ, ಆ ದಿನದ ನನ್ನ ಹಾಳೆಯಲ್ಲಿದ್ದ ಜಾಗದಲ್ಲೇ. ಅದರ ಮುಂದಿನದರಲ್ಲೂ. ಒಂದರ ಮೇಲೊಂದು ಹಾಳೆ ಇಟ್ಟು ಕಿಟಕಿಗೆ ಹಿಡಿದೆ. ಚುಕ್ಕೆಯ ಮೇಲೆ ಚುಕ್ಕೆ ಕೂತಿತು. ನನ್ನ ಗಾಜಿನೊಳಗೆ ಮಾತ್ರ ಇರುವ ಗುಳ್ಳೆ, ಎರಡು ಗಂಟೆ ಮುಂಚೆ, ಬೇರೆ ಗಾಜಿನಲ್ಲಿ ನೋಡಿದವಳಿಗೆ ಹೇಗೆ ಕಂಡೀತು? ಸುಳ್ಳು ಹೇಳುವುದಿಲ್ಲ, ಆಮೇಲೆಯೂ ಇನ್ನೂ ಇಪ್ಪತ್ತು ಹಾಳೆ ನೋಡಿದೆ, ಒಂದಾದರೂ ಬೇರೆ ಇರಲಿ ಅಂತ ಬೇಡಿಕೊಂಡು ನೋಡಿದೆ. ಮೊದಲ ಎರಡು ವಾರದವು ಮಾತ್ರ ಬೇರೆ ಇದ್ದವು.

ಗುಬ್ಬಿ ಹಾಸ್ಟೆಲಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ನಾನು ಎರಡು ಹಾಳೆ ಅವಳ ಮಂಚದ ಮೇಲೆ ಎಸೆದೆ.

‘ನನ್ನ ಗಾಜಿನೊಳಗಿರೋ ಗುಳ್ಳೆ ನಿನ್ನ ಹಾಳೆಗೆ ಹೇಗೆ ಬಂತು, ಹೇಳೇ.’

ನೋಡಿದಳು. ಕೈಯಲ್ಲಿದ್ದ ಬಟ್ಟೆಯನ್ನು ಮತ್ತೆ ಮತ್ತೆ ಮಡಿಸಿದಳು.

‘ಎಷ್ಟು ದಿನ ನೋಡಿದೀಯ ನೀನು ಸೂರ್ಯನ್ನ? ನಿಜ ಹೇಳು, ಇಲ್ಲಾಂದ್ರೆ ನಾನು ಮನುಷ್ಯಳಾಗಿರಲ್ಲ.’

‘ಎರಡು ವಾರ,’ ಅಂದಳು. ‘ಎರಡು ವಾರ ನಿಜವಾಗ್ಲೂ ನೋಡಿದೆ ಕಣೇ. ಒಂದಿನ ನಿನ್ನ ಕವರ್ ಕೈ ಜಾರಿ ಬಿತ್ತು, ಹಾಳೆ ಹೊರಗೆ ಬಂತು. ನಿನ್ನದ್ರಲ್ಲಿ ಏಳಿತ್ತು. ನನಗೆ ನಾಲ್ಕೇ ಕಂಡಿದ್ದು. ಮಾರನೇ ದಿನ ಬೇಕಂತಲೇ ನೋಡಿದೆ, ನಿನಗೆ ಒಂಬತ್ತು, ನನಗೆ ಐದು. ನನಗೆ ನೋಡಕ್ಕೇ ಬರಲ್ಲ ಅಂತ ಮೇಡಂಗೆ ಗೊತ್ತಾದ್ರೆ ಸೀಟು ಕೊಡ್ತಾರಾ?’

‘ಅಯ್ಯೋ ಪೆದ್ದೀ! ಕಮ್ಮಿ ಕಂಡ್ರೆ ಕಮ್ಮಿ ಅಂತ ಬರಿಯೋದೇ ತಾನೇ ನಮ್ಮ ಕೆಲಸ? ಆ ವ್ಯತ್ಯಾಸಾನೇ ತಾನೇ ನಾವು ಅಳೀತಿದ್ದಿದ್ದು? ನಿನ್ನ ನಾಲ್ಕೇ ನನಗೆ ಬೇಕಾಗಿತ್ತು!’

‘ಗೊತ್ತು. ಗೊತ್ತಿದ್ರೂ ನಾಚಿಕೆ ಆಯ್ತು.’

ಕೆನ್ನೆಗೆ ಬಾರಿಸೋಣ ಅನ್ನಿಸಿತು. ದಿನಾ ನನ್ನ ಎದುರಿಗೆ ಕೂತು, ನಮ್ಮಮ್ಮನ ಡಬ್ಬಿ ಖಾಲಿ ಮಾಡಿ, ನನ್ನ ಕೈಯಿಂದಲೇ ಹಾಳೆ ಇಸಿದುಕೊಂಡು, ನನಗೇ ಚಳ್ಳೆಹಣ್ಣು ತಿನ್ನಿಸಿದ್ದಳು. ಅವಳ ಅಂಕಿಗಳಿಲ್ಲದೆ ನನ್ನ ಪ್ರಬಂಧವೇ ಇಲ್ಲ. ಒಂದೇ ಕಣ್ಣನ್ನು ಅದೇ ಕಣ್ಣಿನ ಜೊತೆ ಹೋಲಿಸಿ ಯಾರಾದರೂ ಪ್ರಬಂಧ ಬರೆಯುತ್ತಾರಾ?

‘ಬಾ, ಈಗಲೇ ಮೇಡಂ ಹತ್ರ ಹೋಗೋಣ,’ ಅಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ‘ನಿನ್ನ ಕಾಲಿಗೆ ಬೀಳ್ತೀನಿ. ನೀನು ಹೇಳಿದ್ರೆ ನಾನು ಕಳ್ಳಿ ಆಗ್ತೀನಿ. ನಾನೇ ಹೇಳಿದ್ರೆ ತಪ್ಪು ಒಪ್ಕೊಂಡವಳು ಅಂತಾದ್ರೂ ಆಗುತ್ತೆ. ಒಂದೇ ಒಂದು ದಿನ ಕೊಡು. ನಾಳೆ ಹನ್ನೊಂದಕ್ಕೆ ನಾನೇ ಹೇಳ್ತೀನಿ, ನೀನೂ ಬಾ.’

ಕಣ್ಣಲ್ಲಿ ಧಾರಾಕಾರ ನೀರು. ನನ್ನ ಸಿಟ್ಟು ಹಾಲಿನ ಹಾಗೆ, ಉಕ್ಕಿದಷ್ಟೇ ಬೇಗ ಇಳಿಯುತ್ತದೆ. ಆಗಲಿ, ಹೋಗು ಅಂದೆ. ಬರುವಾಗ ‘ಊಟ ಮಾಡು’ ಅಂತಲೂ ಹೇಳಿ ಬಂದೆ. ಈಗ ಅದನ್ನು ನೆನೆಸಿಕೊಂಡರೆ ನಾಲಿಗೆ ಕಿತ್ತುಹಾಕಿಕೊಳ್ಳುವಷ್ಟು ಸಂಕಟವಾಗುತ್ತದೆ.

ಮರುದಿನ ಹನ್ನೊಂದಕ್ಕೆ ಐದು ನಿಮಿಷ ಮುಂಚೆ ಹೋದೆ. ಗುಬ್ಬಿ ಆಗಲೇ ಒಳಗಿದ್ದಳು. ಮೇಜಿನ ಮೇಲೆ ಎರಡೂ ಐಪೀಸ್ ಇದ್ದವು.

‘ಕೂತ್ಕೊ,’ ಅಂದರು ಮೇಡಂ. ‘ಇವಳು ಎಲ್ಲ ಹೇಳಿದ್ಲು. ನೀನು ಇವಳ ಹಾಳೆ ನೋಡಿ ಬರೀತಿದ್ದೆಯಂತೆ.’

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ‘ಯಾರು?’ ಅಂದೆ.

‘ನೀನು. ಇವಳ ಗಾಜಲ್ಲಿ ಗುಳ್ಳೆ ಇದೆಯಂತೆ. ಅದು ನಿನ್ನ ಹಾಳೆಯಲ್ಲೂ ಇದೆಯಂತೆ. ಬೆಳಿಗ್ಗೆ ಇವಳು ಹಾಳೆ ಬೀರುವಲ್ಲಿ ಇಟ್ಟು ಹೋಗ್ತಿದ್ಲು, ನೀನು ಒಂದು ಗಂಟೆಗೆ ಅದನ್ನ ನೋಡಿ ಬರೀತಿದ್ದೆ ಅಂತ.’

ನಾನು ಮೂರನೇ ನಂಬರಿನ ಐಪೀಸ್ ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಗುಳ್ಳೆ ಇತ್ತು. ನಾಲ್ಕನೆಯದನ್ನು ಹಿಡಿದೆ. ಗಾಜು ನೀರಿನ ಹಾಗೆ ಸ್ವಚ್ಛ. ಒಳಗಿನ ಉಂಗುರ ಬಿಚ್ಚಿ ಗಾಜು ಅದಲುಬದಲು ಮಾಡಿದ್ದಳು. ಆ ಉಂಗುರ ಹೇಗೆ ಬಿಚ್ಚಬೇಕೆಂದು ಒಂದು ಭಾನುವಾರ ನಮ್ಮಿಬ್ಬರನ್ನೂ ಅಂಗಡಿಯಲ್ಲಿ ಕೂರಿಸಿಕೊಂಡು ಕಲಿಸಿದವರು ನಮ್ಮಪ್ಪನೇ.

‘ಗುಬ್ಬಿ,’ ಅಂದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ‘ನನ್ನ ಮುಖ ನೋಡಿ ಹೇಳೇ. ಒಂದು ದಿನ ಕೇಳಿದ್ದು ಇದಕ್ಕಾ?’

‘ಮೇಡಂ, ಇವಳು ನಿನ್ನೆ ನನ್ನ ರೂಮಿಗೆ ಬಂದು ಹೆದರಿಸಿದ್ಲು,’ ಅಂದಳು ಗುಬ್ಬಿ. ದನಿ ನಡುಗಲಿಲ್ಲ.

ನಾನು ಕಿರುಚಾಡಿದೆ. ಏನೇನು ಅಂದೆನೋ ನೆನಪಿಲ್ಲ. ‘ನಮ್ಮಪ್ಪನ್ನ ಕರೆಸಿ, ಅವರೇ ಗುಳ್ಳೆ ಕಂಡುಹಿಡಿದಿದ್ದು’ ಅಂದದ್ದು ನೆನಪಿದೆ. ‘ಅಪ್ಪ ಮಗಳ ಪರ ಹೇಳದೆ ಇನ್ಯಾರ ಪರ ಹೇಳ್ತಾರೆ?’ ಅಂದಳು ಗುಬ್ಬಿ. ಅಮ್ಮನ ಡಬ್ಬಿ ಇನ್ನೂ ನನ್ನ ಚೀಲದಲ್ಲಿತ್ತು, ಆ ದಿನವೂ ಎರಡು.

ಮೇಡಂ ನಾವಿಬ್ಬರೂ ಸುಮ್ಮನಾಗುವವರೆಗೆ ಕಾದರು. ಆಮೇಲೆ ಮೇಜಿನ ಖಾನೆಯಿಂದ ಒಂದು ಹಳೇ ಡೈರಿ ತೆಗೆದು, ಎಂಟು ತಿಂಗಳ ಹಿಂದಿನ ಪುಟ ತೆರೆದು ನಮ್ಮ ಕಡೆ ತಿರುಗಿಸಿದರು. ಅವರ ಅಕ್ಷರದಲ್ಲಿ ಒಂದೇ ಸಾಲು: ‘ಗುಳ್ಳೆ ಗಾಜು ನಾಲ್ಕನೇ ನಂಬರಿನಲ್ಲಿ. ಕೊಟ್ಟದ್ದು ಎತ್ತರದ ಹುಡುಗಿಗೆ.’

‘ಪ್ರತಿ ವರ್ಷ ಜೋಡಿಯಲ್ಲಿ ಒಬ್ಬರಿಗೆ ಈ ಗಾಜು ಕೊಡ್ತೀನಿ,’ ಅಂದರು. ‘ನನ್ನ ಗುರುಗಳೂ ನಮಗೆ ಹೀಗೇ ಮಾಡ್ತಿದ್ರು. ತಾನು ನೋಡಿದ್ದನ್ನ ತಾನೇ ಅನುಮಾನಿಸೋಕೆ ಯಾರಿಗೆ ಬರುತ್ತೆ, ಪಕ್ಕದವರದ್ದನ್ನ ನೋಡಿ ಯಾರು ಬರೀತಾರೆ, ಎರಡೂ ಗೊತ್ತಾಗುತ್ತೆ.’ ಗುಬ್ಬಿಯ ಕಡೆ ತಿರುಗಿದರು. ‘ನೀನು ಗಾಜು ಬದಲಾಯಿಸದೇ ಇದ್ದಿದ್ರೆ ಪ್ರಬಂಧ ಮಾತ್ರ ಹೋಗ್ತಿತ್ತು. ಈಗ ಶಿಸ್ತು ಸಮಿತಿ ಮುಂದೆ ಹೋಗಬೇಕಾಗುತ್ತೆ. ಹೊರಗೆ ಕೂತಿರು.’

ಗುಬ್ಬಿ ಎದ್ದಳು. ನನ್ನ ಕಡೆ ನೋಡಲೇ ಇಲ್ಲ. ಬಾಗಿಲು ಹಾಕಿದ ಸದ್ದಾಯಿತು. ನನಗೆ ಆ ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಗಬೇಕು ಅವಳಿಗೆ ಅನ್ನಿಸಿತು.

‘ನೀನು ತಡ ಮಾಡಿದೆ,’ ಅಂದರು ಮೇಡಂ ನಗುತ್ತಾ. ‘ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕಂಡುಹಿಡೀತಾರೆ. ಆದರೂ ಕಂಡುಹಿಡಿದೆ. ಬೆಟ್ಟದ ಸೀಟಿಗೆ ನಿನ್ನ ಹೆಸರೇ ಕಳಿಸ್ತೀನಿ.’

ಸೀಟು! ಹನ್ನೆರಡನೇ ವಯಸ್ಸಿನಿಂದ ಬೇಕೆಂದಿದ್ದ ಮಾತು ಕಿವಿಗೆ ಬಿತ್ತು. ಆದರೆ ತಲೆಯೊಳಗೆ ಬೇರೇನೋ ಕೊರೆಯುತ್ತಿತ್ತು.

‘ಮೇಡಂ, ನೀವು ವಾರಕ್ಕೊಂದು ಸಲ ನಮ್ಮಿಬ್ಬರ ಹಾಳೇನೂ ನೋಡ್ತಿದ್ರಲ್ಲ?’

‘ಹೌದು.’

‘ಗುಳ್ಳೆ ಅವಳ ಹಾಳೆಯಲ್ಲಿ ಬಂದಿದ್ದು ನಿಮಗೆ ಯಾವಾಗ ಗೊತ್ತಾಯ್ತು?’

‘ಮೂರನೇ ವಾರ.’ ಬಹಳ ಸಹಜವಾಗಿ ಹೇಳಿದರು, ಬಸ್ಸು ಎಷ್ಟಕ್ಕೆ ಅಂತ ಕೇಳಿದ್ದಕ್ಕೆ ಹೇಳಿದ ಹಾಗೆ.

‘ಹಾಗಾದ್ರೆ ಮೂರನೇ ವಾರದಿಂದ ನನ್ನ ಪ್ರಬಂಧ ಸತ್ತುಹೋಗಿತ್ತು. ಅದು ನಿಮಗೆ ಗೊತ್ತಿತ್ತು.’

‘ಸತ್ತಿಲ್ಲಮ್ಮ. ಇದನ್ನೇ ಬರಿ. ನಕಲು ಮಾಡಿದ ಕಣ್ಣಿನ ಅಂಕಿ ಹೇಗಿರುತ್ತೆ, ಹೇಗೆ ಸಿಕ್ಕಿಬೀಳುತ್ತೆ. ನೂರಕ್ಕೂ ಮೇಲೆ ದಿನದ ದಾಖಲೆ ಯಾರ ಹತ್ರ ಇದೆ? ಒಳ್ಳೇ ಪ್ರಬಂಧ ಆಗುತ್ತೆ. ಅದಕ್ಕೇ ನಾನು ನಿಲ್ಲಿಸಲಿಲ್ಲ.’

ಆಗ ನನಗೆ ಬಂದದ್ದು ಕೋಪ ಅಲ್ಲ. ಕೋಪ ನನಗೆ ಚೆನ್ನಾಗಿ ಗೊತ್ತು. ಇದು ತಣ್ಣಗಿತ್ತು. ಆ ಬಿಸಿಲಲ್ಲಿ ನಾನು ಮೆಟ್ಟಿಲು ಹತ್ತುವಾಗ ಇವರು ಎಷ್ಟೋ ಸಲ ಎದುರಿಗೆ ಸಿಕ್ಕಿದ್ದರು. ‘ಇವತ್ತು ಎಷ್ಟು ಕಲೆ?’ ಅಂತ ಕೇಳಿ ಬೆನ್ನು ತಟ್ಟಿದ್ದರು. ಒಂದು ಸಲ ಬಿಸಿಲಿಗೆ ತಲೆ ಸುತ್ತಿ ಕೂತಾಗ ನೀರು ಕೊಟ್ಟು, ನಾಳೆಯೂ ತಪ್ಪಿಸಬೇಡ ಅಂದಿದ್ದರು. ಗುಬ್ಬಿ ಹೆದರಿ ಮೋಸ ಮಾಡಿದಳು, ನಾಚಿಕೆಗೆ ಮಾಡಿದಳು, ಆಸೆಗೆ ಮಾಡಿದಳು. ಇವರು ತಿಳಿದೂ ತಿಳಿದೂ, ನಗುನಗುತ್ತಾ, ನಾವಿಬ್ಬರೂ ಗುಂಡಿಗೆ ಇಳಿಯುವುದನ್ನು ದಿನ ಎಣಿಸಿಕೊಂಡು ನೋಡಿದರು. ಮೂರನೇ ವಾರದಲ್ಲಿ ಕರೆದು ಒಂದು ಮಾತು ಬೈದಿದ್ದರೆ ಗುಬ್ಬಿ ಎರಡು ದಿನ ಅತ್ತು ಸರಿಹೋಗುತ್ತಿದ್ದಳು. ಅದೂ ನನಗೆ ಗೊತ್ತು, ಯಾಕೆಂದರೆ ಅವಳನ್ನು ನಾನು ಬಲ್ಲೆ. ಬಲ್ಲೆ ಅಂದುಕೊಂಡಿದ್ದೆ.

‘ಮೇಡಂ, ಒಂದು ಬಿಳಿ ಹಾಳೆ ಕೊಡ್ತೀರಾ?’

‘ಈಗಲೇ ಶುರು ಮಾಡ್ತೀಯಾ?’ ಅಂತ ಸಂತೋಷದಿಂದ ಕೊಟ್ಟರು.

ಮಾರ್ಗದರ್ಶಕರನ್ನು ಬದಲಾಯಿಸಲು ಕೋರಿ ಅರ್ಜಿ ಅಂತ ಮೇಲೆ ಬರೆದೆ. ಅದಕ್ಕೆ ಈಗಿನ ಮಾರ್ಗದರ್ಶಕರದ್ದೇ ಸಹಿ ಬೇಕು ಅನ್ನುವುದು ವಿಶ್ವವಿದ್ಯಾಲಯದ ನಿಯಮ. ಕಾರಣ ಅನ್ನುವ ಕಡೆ ಬರೆದೆ: ‘ಮೇಡಂಗೆ ಮೂರನೇ ವಾರದಲ್ಲೇ ಗೊತ್ತಿತ್ತು.’ ಹಾಳೆಯನ್ನು ಅವರ ಮುಂದೆ ತಳ್ಳಿದೆ.

ಅವರು ಓದಿದರು. ನಗು ಹೋಯಿತು.

‘ಒಂದು ವರ್ಷ ಹಾಳಾಗುತ್ತೆ. ಮತ್ತೆ ಮೊದಲಿಂದ ಎಣಿಸಬೇಕು. ಸೀಟು ಬೇರೆಯವರಿಗೆ ಹೋಗುತ್ತೆ. ಸಿಟ್ಟಲ್ಲಿ ಮಾಡಬೇಡ.’

‘ಸಿಟ್ಟಲ್ಲಿ ಮಾಡ್ತಿಲ್ಲ ಮೇಡಂ.’

‘ನಾನು ನಿನ್ನ ಒಳ್ಳೇದಕ್ಕೆ...’

‘ಸಹಿ ಹಾಕಿ.’

ಅವರು ಆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಕಾರಣ ಬೇರೆ ಬರಿ ಅಂದರು. ನಾನು ಬರೆಯಲಿಲ್ಲ. ಕೊನೆಗೆ ಪೆನ್ನು ತೆಗೆದು ಸಹಿ ಹಾಕಿದರು, ದಿನಾಂಕ ಹಾಕುವುದನ್ನು ಮರೆತರು. ನಾನೇ ನೆನಪಿಸಿ ಹಾಕಿಸಿಕೊಂಡೆ.

ಹೊರಗೆ ಬೆಂಚಿನ ಮೇಲೆ ಗುಬ್ಬಿ ಕೂತಿದ್ದಳು. ‘ನಾನು ನೋಡಿ ಬರೀತಿದ್ದಿದ್ದು ಅವರಿಗೆ ಮೊದಲೇ ಗೊತ್ತಿತ್ತಾ?’ ಅಂತ ಕೇಳಿದಳು. ಹೌದು ಅಂದೆ. ಅವಳು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ನಾನು ಕೂರಲಿಲ್ಲ. ಅರ್ಜಿ ಹಿಡಿದುಕೊಂಡು ಕಚೇರಿಗೆ ನಡೆದೆ. ಅಲ್ಲಿ ಸಾಲಿನಲ್ಲಿ ನನ್ನ ಮುಂದೆ ಆರು ಜನ ಇದ್ದರು. ಅಷ್ಟು ಜನರ ಎದುರಿಗೆ, ಕರವಸ್ತ್ರವೂ ಇಲ್ಲದೆ, ಜೋರಾಗಿ ಅತ್ತೆ.